ಭೀಮನ ಊರಿನ ಗೋಡೆಗೆ ಐದು ಹೆಸರು ಬೇಕಾಗಿವೆ!

ಭೀಮನಬೀಡು: ಊರಿನ ಹೆಸರಲ್ಲೇ ಭೀಮನಿದ್ದಾನೆ. ಆದರೆ ಕಳೆದ ವಾರ ಇಲ್ಲಿ ನಡೆದ ಜಗಳ ಗದೆಯದ್ದಲ್ಲ, ಚೆಂಡಿನದ್ದು. ಅದೂ ಕಾಲ್ಚೆಂಡಿನದ್ದು!

ಸಂಗತಿ ಇಷ್ಟೇ. ಊರಾಚೆಯ ಬಯಲಿನಲ್ಲಿ ಸಂಜೆ ಹೊತ್ತು ಹುಡುಗರು ಫುಟ್ಬಾಲ್ ಆಡುತ್ತಾರೆ. ಗೋಲ್ ಕಂಬವೆಂದರೆ ಬಿದಿರಿನ ಗಳ, ಬಲೆ ಇಲ್ಲವೇ ಇಲ್ಲ. ಬಯಲಿನ ಪಕ್ಕ ಹಳೆಯದೊಂದು ಪಂಪ್‌ಸೆಟ್ ಮನೆ ಇದೆ. ಅದರ ಗೋಡೆಗೆ ಸುಣ್ಣ ಹೊಡೆದು, ನಮ್ಮ ರಾಜ್ಯದ ಅತಿ ದೊಡ್ಡ ಫುಟ್ಬಾಲ್ ಆಟಗಾರರ ಹೆಸರು ಬರೆಸಬೇಕೆಂದು ಹುಡುಗರು ತೀರ್ಮಾನ ಮಾಡಿದರು. ಗೋಡೆಯ ಯಜಮಾನರೂ ಒಪ್ಪಿದರು. ಗುಂಡ್ಲುಪೇಟೆಯ ಪೇಂಟರ್ ಹೆಸರಿಗೆ ಇನ್ನೂರು ರೂಪಾಯಿ ಎಂದ. ಹುಡುಗರು ಚೆಂಡುಹೂ ಕೊಯ್ಯುವ ಕೂಲಿಗೆ ಹೋಗಿ ಕೂಡಿಸಿದ್ದು ಸಾವಿರ ರೂಪಾಯಿ. ಲೆಕ್ಕ ನೀವೇ ಹಾಕಿ. ಐದೇ ಹೆಸರು!

ಅಲ್ಲಿಂದ ಶುರುವಾಯಿತು ನೋಡಿ ಕುರುಕ್ಷೇತ್ರ. ಟೀ ಅಂಗಡಿ ಬೆಂಚಿನ ಮೇಲೆ ಒಬ್ಬೊಬ್ಬನದು ಒಂದೊಂದು ಪಟ್ಟಿ. ಮೂರು ದಿನ ಕಿತ್ತಾಡಿದರೂ ಬಗೆಹರಿಯಲಿಲ್ಲ. ಕೊನೆಗೆ ಬೇರೆ ಸುದ್ದಿಗೆಂದು ಆ ಕಡೆ ಹೋಗಿದ್ದ ಈ ವರದಿಗಾರನನ್ನು ತಡೆದು ಕೂರಿಸಿದರು.

‘ಅಣ್ಣ, ನೀವು ಪೇಪರ್ನೋರು. ನೀವೇ ಹೇಳ್ಬುಡಿ. ನೀವು ಬರ್ದದ್ದೇ ಗೋಡ ಮ್ಯಾಲ.’

ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟವನ ತಲೆ ಮೇಲೆ ಇಂಥಾ ನ್ಯಾಯಾಧೀಶಗಿರಿ! ಆದರೂ ಒಪ್ಪಿಕೊಂಡೆ. ಕಾರಣ ಇದೆ. ಆಮೇಲೆ ಹೇಳುತ್ತೇನೆ.

ಛೇತ್ರಿ ಯಾಕಿಲ್ಲ?

ಹುಡುಗರ ಪಟ್ಟಿಯಲ್ಲೆಲ್ಲ ಮೊದಲ ಹೆಸರು ಸುನಿಲ್ ಛೇತ್ರಿ. ತಪ್ಪೇನಿಲ್ಲ. ಭಾರತಕ್ಕಾಗಿ ತೊಂಬತ್ತಕ್ಕೂ ಹೆಚ್ಚು ಗೋಲು ಹೊಡೆದ ಪುಣ್ಯಾತ್ಮ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದರ ನಾಯಕನಾಗಿ ಬಂದು, ಮೊದಲ ವರ್ಷವೇ ಐ-ಲೀಗ್ ಗೆಲ್ಲಿಸಿದವನು. 2016ರಲ್ಲಿ ಅದೇ ತಂಡ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋಯಿತು. 2018-19ರಲ್ಲಿ ಐಎಸ್‌ಎಲ್ ಗೆದ್ದಿತು. ಬೆಂಗಳೂರಿನ ಮಕ್ಕಳು ನೀಲಿ ಅಂಗಿ ಹಾಕುವಂತೆ ಮಾಡಿದ್ದು ಅವನೇ.

ಆದರೆ ಛೇತ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಆಟ ಕಲಿತದ್ದೂ ಇಲ್ಲಲ್ಲ. ಬೆಂಗಳೂರಿಗೆ ಬರುವ ಹೊತ್ತಿಗೆ ಅವನು ಆಗಲೇ ದೊಡ್ಡವನು. ಅವನು ನಮ್ಮನೆಗೆ ಬಂದ ಅಳಿಯ. ಅಳಿಯನಿಗೆ ಹಬ್ಬದೂಟ ಹಾಕೋಣ, ಆದರೆ ವಂಶವೃಕ್ಷದಲ್ಲಿ ಬರೆಯುವುದು ಮಕ್ಕಳ ಹೆಸರನ್ನು ತಾನೆ?

ಹಾಗಾಗಿ ನಾನು ಮೂರು ಕಟ್ಟಳೆ ಹಾಕಿದೆ. ಒಂದು, ಹಳೇ ಮೈಸೂರು ರಾಜ್ಯದಲ್ಲೋ ಈಗಿನ ಕರ್ನಾಟಕದಲ್ಲೋ ಬೆಳೆದವರಾಗಿರಬೇಕು. ಎರಡು, ಭಾರತದ ಅಂಗಿ ತೊಟ್ಟು ಆಡಿರಬೇಕು. ಮೂರು, ಅವರು ಆಡಿ ಹೋದ ಮೇಲೆ ಏನಾದರೂ ಉಳಿದಿರಬೇಕು. ಕಪ್ಪೇ ಆಗಬೇಕೆಂದಿಲ್ಲ, ಕತೆಯಾದರೂ ಆದೀತು.

ಹುಡುಗರು ಗೊಣಗಿದರು. ಆದರೂ ತಲೆಯಾಡಿಸಿದರು.

ನಮ್ಮದೇನು ಸಣ್ಣ ಮನೆತನವಲ್ಲ!

ಪಟ್ಟಿಗೆ ಮುಂಚೆ ಒಂದು ಮಾತು. ಫುಟ್ಬಾಲ್ ಎಂದರೆ ಕೇರಳ, ಬಂಗಾಳ, ಗೋವಾ ಎಂದು ನಮ್ಮ ಕಡೆಯವರು ತಿಳಿದಿದ್ದಾರೆ. ತಿಳಿಯದೇ ಏನು ಮಾಡಿಯಾರು? ನಮಗೆ ಕೋಯಿಕ್ಕೋಡ್ ರಸ್ತೆ ಪಕ್ಕದಲ್ಲೇ ಇದೆ. 2022ರ ವಿಶ್ವಕಪ್ ಹೊತ್ತಿನಲ್ಲಿ ಅಲ್ಲಿನ ಪುಳ್ಳಾವೂರಿನ ಹೊಳೆಯೊಳಗೇ ಮೆಸ್ಸಿ, ನೇಮಾರ್ ಕಟೌಟ್ ನಿಲ್ಲಿಸಿದ್ದು ಲೋಕಕ್ಕೆಲ್ಲ ಸುದ್ದಿಯಾಯಿತು. ಬತ್ತೇರಿ ಕಡೆ ಸೆವೆನ್ಸ್ ಪಂದ್ಯ ನಡೆದರೆ ನಮ್ಮ ತಾಲೂಕಿನ ಹುಡುಗರೂ ಹೋಗುತ್ತಾರೆ. ಪಂದ್ಯ ಮುಗಿಯುವ ಹೊತ್ತಿಗೆ ಬಂಡೀಪುರದ ಗೇಟು ಮುಚ್ಚಿರುತ್ತದೆ. 2009ರಿಂದ ರಾತ್ರಿ ಒಂಬತ್ತರ ಮೇಲೆ ಕಾಡುದಾರಿ ಬಂದ್ ತಾನೆ? ಅಲ್ಲೇ ಯಾವುದಾದರೂ ಜಗಲಿ ಮೇಲೆ ಮಲಗಿ ಬೆಳಿಗ್ಗೆ ಬರುತ್ತಾರೆ. ಅಷ್ಟು ಹುಚ್ಚು.

ಆದರೆ ಕೇಳಿ. ಸ್ವತಂತ್ರಕ್ಕೆ ಹತ್ತು ವರ್ಷ ಮೊದಲು, 1937ರಲ್ಲಿ, ಬೊಂಬಾಯಿಯ ರೋವರ್ಸ್ ಕಪ್ಪನ್ನು ಬಿಳಿಯರ ಪಡೆಗಳ ಕೈಯಿಂದ ಕಿತ್ತು ತಂದ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ 1938ರಲ್ಲೂ ಅವರೇ. 1946-47ರಲ್ಲಿ ಬೆಂಗಳೂರಿನಲ್ಲೇ ನಡೆದ ಸಂತೋಷ್ ಟ್ರೋಫಿಯಲ್ಲಿ ಬಂಗಾಳವನ್ನು ಸೋಲಿಸಿ ಕಪ್ ಎತ್ತಿದ್ದು ಮೈಸೂರು. 1952-53ರಲ್ಲಿ ಮತ್ತೆ ಮೈಸೂರು. 1967-68, 1968-69 ಎರಡು ವರ್ಷ ಸತತವಾಗಿ ಮೈಸೂರು. ನಾಲ್ಕೂ ಸಲ ಫೈನಲ್‌ನಲ್ಲಿ ಮಣ್ಣು ಮುಕ್ಕಿದ್ದು ಬಂಗಾಳವೇ!

ಆಮೇಲೆ ಬಂತು ಬರಗಾಲ. ಒಂದೆರಡು ವರ್ಷದ್ದಲ್ಲ, 54 ವರ್ಷದ ಬರಗಾಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು. ಕರ್ನಾಟಕ ಎಂಬ ಹೆಸರಿನಲ್ಲಿ ಅದೇ ಮೊದಲು. ನಮ್ಮ ಟೀ ಅಂಗಡಿಯಲ್ಲಿ ಅದು ಗೊತ್ತಿದ್ದವನು ಒಬ್ಬನೇ ಒಬ್ಬ!

ಈಗ ಪಟ್ಟಿ. ಕೆಳಗಿನಿಂದ ಮೇಲಕ್ಕೆ.

ಐದು: ಧನರಾಜ್

ಬೆಂಗಳೂರಿನ ಕೆ.ಪಿ. ಧನರಾಜ್ ಗೋಲು ಹೊಡೆಯುವುದರಲ್ಲಿ ಕೈ, ಅಲ್ಲ, ಕಾಲು ಪಳಗಿದವರು. 1948ರ ಲಂಡನ್ ಒಲಿಂಪಿಕ್ಸ್ ತಂಡದಲ್ಲಿದ್ದರು. ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ಮುಂಚೂಣಿಯಲ್ಲಿ ಐದು ಜನ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರೂ ದಕ್ಷಿಣದವರು. ಕಲ್ಕತ್ತೆಯ ಜನ ಇವರಿಗೆ ಇಟ್ಟ ಹೆಸರೇನು ಗೊತ್ತೆ? ‘ಪಂಚಪಾಂಡವರು’!

ಇದನ್ನು ಹೇಳಿದ್ದೇ ತಡ, ಟೀ ಅಂಗಡಿ ಯಜಮಾನರು ಲೋಟ ಕೆಳಗಿಟ್ಟು ಕೇಳಿದರು: ‘ಅಂಗಾರ ಅವ್ರೊಳ್ಗ ಭೀಮ ಯಾವನು ಸಾ?’

ನನ್ನಲ್ಲಿ ಉತ್ತರವಿರಲಿಲ್ಲ. ಗೋಲು ಹೊಡೆಯುವ ಧನರಾಜರೇ ಭೀಮ ಇರಬೇಕು ಎಂದೆ. ‘ಅಂಗಂದ್ರ ನಮ್ಮೂರ್ನವ್ರೇ ಬುಡಿ’ ಎಂದು ಅವರು ಒಂದು ಟೀ ಬಿಟ್ಟಿ ಕೊಟ್ಟರು.

ನಾಲ್ಕು: ರಾಮನ್

ಒಂದೇ ಒಂದು ಗೋಲಿಗೆ ಒಬ್ಬನ ಹೆಸರು ಗೋಡೆ ಏರಬಹುದೆ? ಏರಬಹುದು ಎನ್ನುತ್ತೇನೆ.

1948ರ ಜುಲೈ 31. ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿಲ್ಲ. ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ. ನಮ್ಮ ಹನ್ನೊಂದು ಜನರಲ್ಲಿ ಬಹುಪಾಲು ಬರಿಗಾಲು. ಕೆಲವರ ಕಾಲಿಗೆ ಬರೀ ಬಟ್ಟೆ ಪಟ್ಟಿ. ಫ್ರಾನ್ಸ್ ಒಂದು ಗೋಲು ಹೊಡೆದಿತ್ತು. 70ನೇ ನಿಮಿಷದಲ್ಲಿ ಮೈಸೂರಿನ ಎಸ್. ರಾಮನ್ ಸರಿಗಟ್ಟಿದರು. ಸ್ವತಂತ್ರ ಭಾರತದ ಮೊದಲ ಗೋಲು ಅದು. ಅಂದು ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ಕೈತಪ್ಪಿದವು. ಕೊನೇ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ಸೋತರೂ ನೋಡಿದವರು ಮರೆಯಲಿಲ್ಲ.

ಅದೇ ತಂಡದಲ್ಲಿ ನಮ್ಮವರೇ ಆದ ವಜ್ರವೇಲು ಕೂಡ ಇದ್ದರು. ಒಂದೇ ಒಲಿಂಪಿಕ್ಸ್ ತಂಡದಲ್ಲಿ ರಾಮನ್, ಧನರಾಜ್, ವಜ್ರವೇಲು, ಅಹ್ಮದ್ ಖಾನ್. ಈಗ ಯೋಚಿಸಿದರೆ ಕನಸು.

ಮೂರು: ಕಾರ್ಲ್ಟನ್ ಚಾಪ್ಮನ್

ಇಲ್ಲಿ ಹುಡುಗರಿಗೂ ನನಗೂ ಜಗಳವಾಗಲಿಲ್ಲ. ಬೆಂಗಳೂರಿನ ಹುಡುಗ, ಜೆಮ್ಷೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ ಪಳಗಿ ಈಸ್ಟ್ ಬೆಂಗಾಲ್ ಸೇರಿದ. 1993ರ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ಬಂದಾಗ ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ಈ ಹುಡುಗನದ್ದು. 1996-97ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ನಡೆದಾಗ ಗೆದ್ದ ಜೆಸಿಟಿ ತಂಡದಲ್ಲಿದ್ದ. 2000-01ರಲ್ಲಿ ಈಸ್ಟ್ ಬೆಂಗಾಲ್ ನಾಯಕನಾಗಿ ಮತ್ತೆ ಗೆದ್ದ. ಭಾರತ ತಂಡಕ್ಕೂ ನಾಯಕನಾದ. ಆಟ ಬಿಟ್ಟ ಮೇಲೆ ತರಬೇತುದಾರನಾಗಿ ಹುಡುಗರನ್ನು ತಿದ್ದಿದ.

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ವಯಸ್ಸು 49. ಅದು ಹೋಗುವ ವಯಸ್ಸಲ್ಲ.

ಎರಡು: ಕೆಂಪಯ್ಯ

‘ಕೆಂಪಯ್ಯ? ಇದ್ಯಾರು, ನಮ್ ಮೇಗಲಕೇರಿ ಕೆಂಪಯ್ಯಣ್ಣನ ತರ ಅದಲ್ಲ ಹೆಸ್ರು’ ಎಂದ ಒಬ್ಬ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಮ್ಮ ಹಟ್ಟಿಗಳಲ್ಲಿ ಇರುವಂಥದ್ದೇ ಹೆಸರು, ಮೆಲ್ಬರ್ನ್‌ಗೂ ರೋಮ್‌ಗೂ ಹೋಗಿ ಬಂದಿದೆ!

ಬೆಂಗಳೂರಿನ ಎಂ. ಕೆಂಪಯ್ಯ ಹಾಫ್‌ಬ್ಯಾಕ್. ನಡುಮೈದಾನದಲ್ಲಿ ನಿಂತು ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು ತಮ್ಮವರ ಕಾಲಿಗೆ ಕೊಡುವ ಕೆಲಸ. ಉಳುವವನ ಕೆಲಸದ ಹಾಗೆ. ಚಪ್ಪಾಳೆ ಕಡಿಮೆ, ಬೆವರು ಜಾಸ್ತಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿ ಸೆಮಿಫೈನಲ್ ಸೇರಿತು. ಒಲಿಂಪಿಕ್ಸ್ ಫುಟ್ಬಾಲ್‌ನಲ್ಲಿ ಅಲ್ಲಿಯವರೆಗೆ ಯಾವ ಏಷ್ಯಾದ ದೇಶವೂ ಸೆಮಿಫೈನಲ್ ಕಂಡಿರಲಿಲ್ಲ. ಕೊನೆಗೆ ನಾಲ್ಕನೇ ಸ್ಥಾನ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಜತೆ 1-1 ಸಮ. ಆ ಎರಡೂ ತಂಡಗಳಲ್ಲಿ ಕೆಂಪಯ್ಯ ಇದ್ದರು. ಕಲ್ಕತ್ತೆಯ ಮೋಹನ್ ಬಾಗಾನ್‌ಗೂ ಆಡಿದರು. ಎರಡು ಒಲಿಂಪಿಕ್ಸ್ ಆಡಿದ ಕನ್ನಡದ ಹೆಸರು. ಶಾಲೆ ಪುಸ್ತಕದಲ್ಲಿರಬೇಕಾದ್ದು, ಟೀ ಅಂಗಡಿಯಲ್ಲಿ ನಗೆಪಾಟಲು!

ಒಂದು: ಅಹ್ಮದ್ ಖಾನ್

ಇದರಲ್ಲಿ ರಾಜಿ ಇಲ್ಲ.

1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಎತ್ತರದ ಆಳಲ್ಲ, ಗಟ್ಟಿ ಮೈಯಲ್ಲ. ಚೆಂಡು ಕಾಲಿಗೆ ಬಂದರೆ ಮಾತ್ರ ಪುಂಗಿ ಮುಂದಿನ ಹಾವು. ‘ಹಾವಾಡಿಗ’ ಅಂತಲೇ ಹೆಸರಾಗಿತ್ತು. 1948ರಲ್ಲಿ ಲಂಡನ್, 1952ರಲ್ಲಿ ಹೆಲ್ಸಿಂಕಿ, ಎರಡು ಒಲಿಂಪಿಕ್ಸ್. 1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. ಪಂಚಪಾಂಡವರಲ್ಲಿ ಇವರೂ ಒಬ್ಬರು. 1949, 50, 51 ಮೂರು ವರ್ಷ ಸತತವಾಗಿ ಈಸ್ಟ್ ಬೆಂಗಾಲ್ ಐಎಫ್‌ಎ ಶೀಲ್ಡ್ ಎತ್ತಿದ್ದು ಆ ಕಾಲದಲ್ಲೇ. ಸುಮಾರು ಹತ್ತು ವರ್ಷ ಒಂದೇ ತಂಡ.

ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ಭಾರತಕ್ಕೆ ಹತ್ತು ಗೋಲು ಹೊಡೆಯಿತು. ನಮ್ಮವರು ಹೊಡೆದದ್ದು ಒಂದು. ಹೊಡೆದವರು ಅಹ್ಮದ್ ಖಾನ್. ಆ ಚಳಿಯಲ್ಲೂ ನಮ್ಮ ಹಲವರದು ಬರಿಗಾಲು. ಆ ಸೋಲಿನ ನಂತರವೇ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಹತ್ತು ಗೋಲು ತಿಂದ ಮೈದಾನದಲ್ಲಿ ತಲೆ ತಗ್ಗಿಸದೆ ಒಂದು ಗೋಲು ಹೊಡೆಯುವವನೇ ಆಟಗಾರ ಎಂದು ನನ್ನ ಲೆಕ್ಕ. 2017ರ ಆಗಸ್ಟ್‌ನಲ್ಲಿ, 90ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು.

ಅಜ್ಜಿಯ ತಕರಾರು

ಪಟ್ಟಿ ಮುಗಿಯಿತು ಎಂದು ಎದ್ದೆ. ಎಲೆಅಡಿಕೆ ಹಾಕುತ್ತಾ ಅಷ್ಟೂ ಕೇಳುತ್ತಿದ್ದ ಅಜ್ಜಿಯೊಬ್ಬರು ಬಾಯಿ ತೆಗೆದರು.

‘ಅಲ್ಲಾ ಕನಪ್ಪ, ಪಾಂಡವ್ರು ಅಯ್ದು ಜನಾನೂ ಆದ್ರು. ದ್ರೌಪತಿ ಎಲ್ಲವ್ಳ?’

ಎಲ್ಲರೂ ಗೊಳ್ಳೆಂದರು. ಅಜ್ಜಿ ನಗಲಿಲ್ಲ. ‘ನನ್ ಮೊಮ್ಮಗಳೂ ಆ ಬಯಲ್ಲೇ ಒದೀತಾಳ. ಅವ್ಳ ಪೈಕಿ ಒಬ್ರ ಹೆಸ್ರೂ ಇಲ್ವಾ? ಹೂವ ಕೂದು ಅವ್ಳೂ ಎಂಬತ್ ರೂಪಾಯಿ ಹಾಕವ್ಳ!’

ಹೌದಲ್ಲ! ಬಯಲಲ್ಲಿ ತಲೆ ಎಣಿಸಿದೆ. ಅಂದು ಸಂಜೆ ಆಡುತ್ತಿದ್ದವರು ಹದಿನೇಳು ಮಕ್ಕಳು. ಅದರಲ್ಲಿ ಐವರು ಹೆಣ್ಣುಮಕ್ಕಳು. ಗೋಡೆ ನೋಡಿಕೊಂಡು ಬೆಳೆಯುವವರು ಅವರೂ ತಾನೆ?

1979-80ರಲ್ಲಿ ಏಷ್ಯಾದ ಮಹಿಳಾ ಫುಟ್ಬಾಲ್ ಚಾಂಪಿಯನ್‌ಷಿಪ್ ನಡೆದದ್ದು ಎಲ್ಲಿ ಗೊತ್ತೆ? ಕೋಯಿಕ್ಕೋಡಿನಲ್ಲಿ. ನಮ್ಮ ಗುಂಡ್ಲುಪೇಟೆ ಸರ್ಕಲ್‌ನಿಂದ ಹೊರಡುವ ಅದೇ ರಸ್ತೆಯ ಇನ್ನೊಂದು ತುದಿಯಲ್ಲಿ! ಭಾರತದ ಹೆಣ್ಣುಮಕ್ಕಳು ಅಲ್ಲಿ ಫೈನಲ್ ಆಡಿ ಎರಡನೇ ಸ್ಥಾನ ಪಡೆದರು. 1983ರಲ್ಲಿ ಮತ್ತೆ ಎರಡನೇ ಸ್ಥಾನ. ಗಂಡಸರ ತಂಡ ಏಷ್ಯಾದಲ್ಲಿ ಹಿಂದೆ ಬಿದ್ದ ಕಾಲವದು. ಆ ಪೀಳಿಗೆಯಲ್ಲಿ ಭಾರತಕ್ಕೆ ಆಡಿದ ಬೆಂಗಳೂರಿನವರು ಚಿತ್ರಾ ಗಂಗಾಧರನ್. ಅವರ ಹೆಸರು ಕೇಳಿದ್ದೀರಾ ಎಂದು ವಿಚಾರಿಸಿದೆ. ಬೆಂಚು ಪೂರ್ತಿ ಮೌನ.

ಹೆಸರು ಆರಾಯಿತು. ದುಡ್ಡು ಐದಕ್ಕೇ. ಪೇಂಟರ್ ಫೋನಿನಲ್ಲೇ ಹೇಳಿದ: ‘ಆಗಕಿಲ್ಲ ಸಾ, ಪೇಂಟ್ ರೇಟು ನಿಮ್ಗೊತ್ತಲ್ಲ.’

ಯಾರನ್ನು ಬಿಡುವುದು?

ಆಡಿದ್ರ ಹೊಟ್ಟ ತುಂಬ್ತದ?

ಈ ಮಧ್ಯೆ ಇನ್ನೊಂದು ಪ್ರಸಂಗ ನಡೆಯಿತು. ಹುಡುಗರ ಪೈಕಿ ಚೆನ್ನಾಗಿ ಆಡುವವನೊಬ್ಬನ ಅಪ್ಪ ಅರಿಶಿನದ ಹೊಲದಿಂದ ಸೀದಾ ಅಲ್ಲಿಗೇ ಬಂದರು. ಮಗನ ರಟ್ಟೆ ಹಿಡಿದರು. ನನ್ನ ಕಡೆ ತಿರುಗಿ ಕೇಳಿದರು:

‘ಸಾ, ನೀವು ಓದ್ದೋರು. ಇವ್ರ ತಲ ಕೆಡಿಸ್ಬ್ಯಾಡಿ. ಬಾಲ್ ಒದ್ದು ಬದುಕ್ದೋರುಂಟಾ? ಹೇಳಿ.’

ಓದಿದವನು! ಇಲ್ಲಿ ನನ್ನ ಕತೆ ಹೇಳಲೇಬೇಕು. ಪಿಯುಸಿಯಲ್ಲಿ ನಾನೂ ಕಾಲೇಜು ತಂಡದ ಲೆಫ್ಟ್‌ಬ್ಯಾಕ್. ಹನ್ನೊಂದು ಜನಕ್ಕೆ ಐದು ಜೊತೆ ಬೂಟು. ಅರ್ಧ ಆಟ ಒಬ್ಬ, ಇನ್ನರ್ಧ ಇನ್ನೊಬ್ಬ. ಒಂದೇ ಒಂದು ವರ್ಷ ಆಡಿದೆ. ಅಪ್ಪನಿಗೆ ಕಾಯಿಲೆ ಬಿತ್ತು, ಬೋರ್‌ವೆಲ್ ಸಾಲ ಇತ್ತು, ಕಾಲೇಜು ಬಿಟ್ಟೆ. ಓದೂ ಹೋಯಿತು, ಆಟವೂ ಹೋಯಿತು. ಬಿಟ್ಟದ್ದಕ್ಕೆ ಆಟ ಕಾರಣವಲ್ಲ. ಆದರೂ ನಮ್ಮೂರಲ್ಲಿ ಇವತ್ತಿಗೂ ಹೇಳುವುದು ‘ಬಾಲ್ ಒದ್ದು ಕೆಟ್ಟ’ ಅಂತಲೇ.

ಹಾಗಾಗಿ ಆ ಅಪ್ಪನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಇದ್ದದ್ದು ಹೇಳಿದೆ.

ಹಿಂದೆ ಬದುಕಿದವರುಂಟು. ಬೆಂಗಳೂರಿನ ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ ಇವೆಲ್ಲ ಫುಟ್ಬಾಲ್ ತಂಡ ಕಟ್ಟಿದ್ದವು. ಚೆನ್ನಾಗಿ ಆಡುವವನನ್ನು ಕರೆದು ಕೆಲಸ ಕೊಡುತ್ತಿದ್ದವು. ಆಸ್ಟಿನ್ ಟೌನ್, ಹಲಸೂರು, ಗೌತಮಪುರದ ಬಡವರ ಮಕ್ಕಳು ಚೆಂಡು ಒದ್ದು ಕೆಲಸ ಹಿಡಿದರು, ಮನೆ ಕಟ್ಟಿದರು, ಪಿಂಚಣಿ ತಿಂದರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ, ಹೋಗಿ ನೋಡಿ. ನಂತರ ಕಾರ್ಖಾನೆಗಳು ಆಟಗಾರರನ್ನು ತೆಗೆದುಕೊಳ್ಳುವುದು ಕಡಿಮೆಯಾಯಿತು. ಆಟವೂ ಸೊರಗಿತು. ಆ 54 ವರ್ಷದ ಬರಗಾಲಕ್ಕೆ ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ. ಈಗ ಲೀಗ್ ಬಂದಿದೆ, ದುಡ್ಡು ಬಂದಿದೆ, ಆದರೆ ಅದು ಸಿಗುವುದು ಕೆಲವೇ ಕೆಲವರಿಗೆ.

‘ಅದ್ಕ ಓದೂ ಇರ್ಲಿ, ಆಟಾನೂ ಇರ್ಲಿ. ಎರಡ್ರಲ್ಲಿ ಒಂದ ನೀವಾಗೇ ಕಿತ್ಕೋಬ್ಯಾಡಿ. ಕಿತ್ಕಳಕ್ಕ ಕಾಲ ಅದ’ ಎಂದೆ.

ಅವರು ಏನೂ ಹೇಳಲಿಲ್ಲ. ಮಗನ ರಟ್ಟೆ ಬಿಟ್ಟರು. ‘ಹಾಲು ಕರಿಯೋ ಹೊತ್ಗ ಮನಲ್ಲಿರ್ಬೇಕು’ ಎಂದು ಹೊರಟರು. ಹತ್ತು ಹೆಜ್ಜೆ ಹೋಗಿ ತಿರುಗಿ ಕೇಳಿದರು: ‘ಆ ಕೆಂಪಯ್ಯ ಅಂದ್ರಲ್ಲ, ದಿಟವಾಗೂ ರೋಮಕ್ಕ ಹೋಗಿದ್ನಾ?’

ಹೋಗಿದ್ದರು ಸ್ವಾಮಿ. ದಿಟವಾಗೂ.

ತೀರ್ಪು

ಈಗ ಯಾರನ್ನು ಬಿಡುವುದೆಂಬ ಪ್ರಶ್ನೆ. ಅಹ್ಮದ್ ಖಾನರನ್ನು ಬಿಡಲಾಗದು. ಕೆಂಪಯ್ಯನವರನ್ನು ಬಿಟ್ಟರೆ ಆ ಅಪ್ಪನಿಗೆ ಮುಖ ತೋರಿಸಲಾಗದು. ಚಾಪ್ಮನ್ ಈ ಹುಡುಗರ ಕಾಲಕ್ಕೆ ಹತ್ತಿರದವನು. ರಾಮನ್ ಅವರ ಗೋಲು ದೇಶದ ಮೊದಲ ಗೋಲು. ಉಳಿದವರು ಧನರಾಜ್. ಭೀಮನೆಂದು ನಾನೇ ಕಿರೀಟ ಇಟ್ಟವರು!

ಭೀಮನ ಊರಿನಲ್ಲಿ ಭೀಮನನ್ನೇ ಬಿಡುವುದು ಅನ್ಯಾಯ, ಒಪ್ಪುತ್ತೇನೆ. ಆದರೆ ಐದು ಹೆಣ್ಣುಮಕ್ಕಳು ದಿನಾ ಆಡುವ ಬಯಲಲ್ಲಿ ಒಂದೂ ಹೆಣ್ಣಿನ ಹೆಸರಿಲ್ಲದಿರುವುದು ಅದಕ್ಕಿಂತ ದೊಡ್ಡ ಅನ್ಯಾಯ. ಧನರಾಜರ ಹೆಸರು ಕಲ್ಕತ್ತೆಯ ಪಂಚಪಾಂಡವರ ಕತೆಯಲ್ಲಿ ಇದ್ದೇ ಇರುತ್ತದೆ. ಚಿತ್ರಾ ಅವರ ಹೆಸರನ್ನು ಇಲ್ಲಿ ನಾವು ಬರೆಯದಿದ್ದರೆ ಆ ಮಕ್ಕಳಿಗೆ ಹೇಳುವವರು ಯಾರು?

ಆದ್ದರಿಂದ ಪಟ್ಟಿ ಹೀಗೆ: ಅಹ್ಮದ್ ಖಾನ್, ಕೆಂಪಯ್ಯ, ಕಾರ್ಲ್ಟನ್ ಚಾಪ್ಮನ್, ರಾಮನ್, ಚಿತ್ರಾ ಗಂಗಾಧರನ್.

ತೀರ್ಪು ಕೇಳಿದ ಟೀ ಅಂಗಡಿ ಯಜಮಾನರು ಕೊಟ್ಟ ಬಿಟ್ಟಿ ಟೀಯ ಕಾಸು ವಾಪಸ್ ಕೇಳಿದ್ದಾರೆ. ಕೊಟ್ಟಿದ್ದೇನೆ.

ಐವರಲ್ಲಿ ಒಬ್ಬರೂ ನಮ್ಮ ಚಾಮರಾಜನಗರ ಜಿಲ್ಲೆಯವರಲ್ಲ ಎಂದು ಯಾರಾದರೂ ಮೂಗು ಮುರಿಯಬಹುದು. ಅದು ಈ ವರದಿಗಾರನ ತಪ್ಪಲ್ಲ. ಜಿಲ್ಲೆಯಾಗಿ 1997ರಿಂದ ಇಷ್ಟು ವರ್ಷವಾಯಿತು, ಹಳ್ಳಿಯ ಎಷ್ಟು ಬಯಲಿಗೆ ಬಲೆ ಇರುವ ಗೋಲ್ ಕಂಬ ಬಂದಿದೆ? ಅದನ್ನು ಕೇಳಬೇಕಾದ ಕಡೆ ಕೇಳಿ.

ಪೇಂಟರ್ ಬರುವುದು ಬರುವ ಭಾನುವಾರ. ಪಟ್ಟಿಯ ಬಗ್ಗೆ ತಕರಾರು ಇರುವ ಓದುಗರು ಅಷ್ಟರೊಳಗೆ ಪತ್ರಿಕೆಗೆ ಬರೆಯಬಹುದು. ಜತೆಗೆ ಇನ್ನೂರು ರೂಪಾಯಿಯನ್ನೂ ಇಟ್ಟರೆ ಧನರಾಜರಿಗೂ ಜಾಗ ಇದೆ. ಗೋಡೆ ದೊಡ್ಡದು.